ಟ್ಯಾಂಕಿನ ಅಳತೆ ನಿರ್ಧರಿಸಿದ ಎರಡು ಸೆಲ್

ಪ್ಲಾಸ್ಟಿಕ್ ಟ್ಯಾಂಕ್ ಕಿಟ್ ಜೋಡಿಸೋರಿಗೆ 1:35 ಅನ್ನೋ ಅಳತೆ ಗೊತ್ತೇ ಇರುತ್ತೆ. ಅಂದ್ರೆ ಅಸಲಿ ಟ್ಯಾಂಕಿನ 35 ಸೆಂಟಿಮೀಟರ್ ಮಾದರಿಯಲ್ಲಿ ಒಂದೇ ಸೆಂಟಿಮೀಟರ್. ಆದರೆ 30, 40 ಬಿಟ್ಟು 35 ಯಾಕೆ?

ಜಪಾನಿನ ಶಿಜುವೊಕಾ ನಗರದಲ್ಲಿ 1946ರಲ್ಲಿ ಒಂದು ಮರದ ಮಿಲ್ ಶುರುವಾಯ್ತು. ಅದೇ ಇವತ್ತಿನ ತಮಿಯಾ. ಮೊದಲು ಮರದ ಮಾದರಿ ಮಾಡ್ತಿದ್ದರು. ಪ್ಲಾಸ್ಟಿಕ್ ಬಂದ ಮೇಲೆ ಮರಕ್ಕೆ ಗಿರಾಕಿ ಕಮ್ಮಿಯಾದರು. 1960ರಲ್ಲಿ ತಂದ ಮೊದಲ ಪ್ಲಾಸ್ಟಿಕ್ ಕಿಟ್ ಯಮಾಟೊ ಯುದ್ಧನೌಕೆ. ಎದುರಾಳಿ ಕಂಪನಿಯ ಬೆಲೆಗೆ ಇಳಿಸಿ ಮಾರಬೇಕಾಗಿ ಬಂದು ನಷ್ಟವೇ ಆಯ್ತು.

1961ರಲ್ಲಿ ಮೋಟರ್‌ನಿಂದ ಓಡುವ ಪ್ಯಾಂಥರ್ ಟ್ಯಾಂಕ್ ತಂದರು. ಅದು ಕಂಪನಿಯನ್ನು ಎತ್ತಿ ನಿಲ್ಲಿಸಿತು. ಅದೇ ಅಳತೆಯಲ್ಲಿ ಇನ್ನಷ್ಟು ಟ್ಯಾಂಕ್ ಮಾಡೋಣ ಅಂತ ಶುನ್‌ಸಾಕು ತಮಿಯಾ ಅಳೆದು ನೋಡಿದರೆ, ಸುಮಾರು 1:35! ಕಾರಣ ಇಷ್ಟೇ: ಒಳಗೆ ಎರಡು ಬ್ಯಾಟರಿ ಸೆಲ್ ಹಿಡಿಸಬೇಕಿತ್ತು. ಮುಂದೆ ಬೇರೆ ಕಂಪನಿಗಳೂ ಅದೇ ಅಳತೆ ಹಿಡಿದವು.

ಆದರೆ ಅಡಿ-ಇಂಚಿನ ಲೆಕ್ಕದಲ್ಲಿ ಹುಟ್ಟಿದ 1:32 ಕಿಟ್‌ಗಳೂ ಇವೆ. ಐದೂಮುಕ್ಕಾಲು ಅಡಿಯ ಸೈನಿಕ 1:35ರಲ್ಲಿ 5 ಸೆಂಟಿಮೀಟರ್, 1:32ರಲ್ಲಿ ಸುಮಾರು ಐದೂವರೆ. ಎಷ್ಟೇ ಚೆಂದ ಬಣ್ಣ ಹಚ್ಚಿದರೂ ಟ್ಯಾಂಕಿನ ಪಕ್ಕ ಅವನು ದೈತ್ಯನ ಹಾಗೇ ಕಾಣ್ತಾನೆ. ಆಗ ನಿಮ್ಮ ಕೈಯನ್ನು ಬೈಕೋಬೇಡಿ. ಆ ಎರಡು ಸೆಲ್ ನೆನಪಿಸಿಕೊಳ್ಳಿ.