ಸಿಗ್ನಲ್ ಕ್ಯಾಬಿನ್ನಿನ ಗೋಡೆಗಳು ಹೇಳುವ ಚರಿತ್ರೆ

ಕಟ್ಟಡಗಳ ಚರಿತ್ರೆ ಎಂದೊಡನೆ ನಮಗೆ ಕೋಟೆ, ಅರಮನೆ, ಗುಡಿ, ಮಸೀದಿಗಳು ನೆನಪಾಗುತ್ತವೆ. ದುಡಿಮೆಯ ಕಟ್ಟಡಗಳಿಗೂ ಒಂದು ಚರಿತ್ರೆ ಇದೆ ಎಂಬುದು ಹೊಳೆಯುವುದಿಲ್ಲ. ರೈಲು ನಿಲ್ದಾಣಗಳ ತುದಿಯಲ್ಲಿ ಸಣ್ಣ ಮಹಡಿ ಮನೆಯಂತೆ ನಿಲ್ಲುತ್ತಿದ್ದ ಸಿಗ್ನಲ್ ಕ್ಯಾಬಿನ್ ಅಂತಹ ಒಂದು ಕಟ್ಟಡ. ಹಳೆಯ ಕ್ಯಾಬಿನ್‌ಗಳಲ್ಲಿ ಒಂದು ಬದಿ ಉದ್ದವಾದ ಗೋಡೆ, ಇಟ್ಟಿಗೆಯಿಂದ ಮುಚ್ಚಿದ ಕಿಟಕಿ ಕಾಣುವುದುಂಟು. ಇವು ಯಾರದೋ ಮನಸ್ಸಿಗೆ ಬಂದಂತೆ ಆದ ಬದಲಾವಣೆಗಳಲ್ಲ.

ನಮ್ಮ ತೆಂಗಿನ ಸೀಮೆಯ ರೈಲುದಾರಿಯನ್ನೇ ನೋಡೋಣ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೇಲೆ ಸಾಗಿದ ಮೀಟರ್ ಗೇಜ್ ಹಳಿ 1889ರಲ್ಲಿ ಹರಿಹರ ಮುಟ್ಟಿತು. ತಿಪಟೂರು ಮತ್ತು ಅರಸೀಕೆರೆಗಳ ನಡುವಿನ ನಿಲ್ದಾಣಕ್ಕೆ ಹೊನ್ನವಳ್ಳಿ ರೋಡ್ ಎಂದು ಹೆಸರು. ಊರು ಹಳಿಯಿಂದ ದೂರವಿದ್ದರೆ ನಿಲ್ದಾಣದ ಹೆಸರಿಗೆ 'ರೋಡ್' ಸೇರಿಸುವುದು ರೈಲ್ವೆಯ ಹಳೆಯ ವಾಡಿಕೆ. ಇಂತಹ ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಬರುವ ಗಾಡಿಗಳು ನಿಲ್ದಾಣದಲ್ಲಿಯೇ ಒಂದನ್ನೊಂದು ದಾಟಬೇಕು. ಒಂದು ಗಾಡಿ ಲೂಪ್ ಹಳಿಯಲ್ಲಿ ಕಾದರೆ ಇನ್ನೊಂದು ಮುಂದೆ ಹೋಗುತ್ತದೆ. ಪಾಯಿಂಟ್ ಒಂದು ಕಡೆ, ಸಿಗ್ನಲ್ ಇನ್ನೊಂದು ಕಡೆ ಆದರೆ ಅನಾಹುತವೇ ಸರಿ.

ಈ ಅಪಾಯಕ್ಕೆ ಮನುಷ್ಯ ಕಂಡುಕೊಂಡ ಉತ್ತರ ಇಂಟರ್‌ಲಾಕಿಂಗ್. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಪಾಯಿಂಟ್ ಸರಿಯಾಗಿ ಕೂಡದೆ ಸಿಗ್ನಲ್ ಲಿವರ್ ಎಳೆಯಲು ಬಾರದಂತೆ ಕಬ್ಬಿಣದ ಪಟ್ಟಿಗಳು ಒಂದನ್ನೊಂದು ತಡೆಯುತ್ತವೆ. ಕ್ಯಾಬಿನ್ನಿನ ಆಕಾರ ಹುಟ್ಟಿದ್ದು ಇಲ್ಲಿಂದಲೇ. ಮೇಲೆ ಲಿವರ್‌ಗಳು, ಕೆಳಗೆ ಆ ಪಟ್ಟಿಗಳ ಕೋಣೆ, ಅದರಿಂದ ಹೊರಗೆ ಹೋಗುವ ರಾಡು ಮತ್ತು ತಂತಿಗಳು. ಗಾಡಿಯ ಕೊನೆಯ ಡಬ್ಬಿಯ ದೀಪ ಕಣ್ಣಿಗೆ ಬೀಳಬೇಕೆಂದು ಸುತ್ತಲೂ ಕಿಟಕಿ.

ಸಂಚಾರ ಬೆಳೆದಂತೆ ಹಳಿಗಳು ಹೆಚ್ಚಿದವು. ಹೊಸ ಲೂಪ್, ಹೊಸ ಸೈಡಿಂಗ್ ಎಂದರೆ ಹೊಸ ಲಿವರ್‌ಗಳು. ಲಿವರ್‌ಗಳ ಸಾಲು ಉದ್ದವಾದರೆ ಗೋಡೆಯೂ ಉದ್ದವಾಗಲೇಬೇಕು. ಕೈಬಲದಿಂದ ರಾಡಿನ ಮೂಲಕ ಪಾಯಿಂಟನ್ನು ಬಹಳ ದೂರದವರೆಗೆ ಸರಿಸಲಾಗದು. ಬ್ರಿಟನ್ನಿನಲ್ಲಿ 1925ರ ನಂತರವೂ ಅದರ ಮಿತಿ 350 ಗಜ. ಆದ್ದರಿಂದಲೇ ಅನೇಕ ನಿಲ್ದಾಣಗಳಲ್ಲಿ ತುದಿಗೊಂದರಂತೆ ಎರಡು ಕ್ಯಾಬಿನ್‌ಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಅಲ್ಲಿ ಕೆಳಗಿನ ಕೋಣೆಯ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಯುದ್ಧ ಮುಗಿದರೂ ಎಷ್ಟೋ ಕಡೆ ಇಟ್ಟಿಗೆ ಉಳಿದುಕೊಂಡಿತು.

ವಿದ್ಯುತ್ ಮೋಟಾರು ಬಂದ ಮೇಲೆ ದೂರದ ಮಿತಿ ಹೋಯಿತು. ಎರಡು ಕ್ಯಾಬಿನ್‌ಗಳ ಕೆಲಸ ಒಂದೇ ಪ್ಯಾನೆಲ್‌ಗೆ ಸೇರಿತು. ಲಿವರ್ ಎಳೆಯುವ ತೋಳಿನ ಬದಲು ಗುಂಡಿ ಒತ್ತುವ ಬೆರಳು ಸಾಕಾಯಿತು. ರಿಲೇಗಳಿಗೆ ಬೇಕಾದದ್ದು ನೋಟವಲ್ಲ, ಧೂಳಿಲ್ಲದ, ಬೀಗ ಹಾಕಿದ ಕೋಣೆ. ಹೀಗೆ ನೋಡಲೆಂದೇ ಕಟ್ಟಿದ ಮನೆ ಕಣ್ಣು ಮುಚ್ಚಿಕೊಂಡಿತು. ನಮ್ಮ ಮಾರ್ಗದಲ್ಲಿ 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಹಳಿಗೂ ಕಟ್ಟಡಕ್ಕೂ ಇರಬೇಕಾದ ಅಂತರದ ಲೆಕ್ಕವೇ ಬದಲಾಯಿತು. ಈಚಿನ ವರ್ಷಗಳಲ್ಲಿ ಜೋಡಿ ಹಳಿಯೂ ವಿದ್ಯುತ್ ತಂತಿಯೂ ಬಂದಿವೆ.

ಹಳೆಯದು ಹೋಗಲಿ, ಹೊಸದು ಬರಲಿ ಎಂದು ನಾವು ಸುಮ್ಮನಾಗಬಹುದೇ? 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಹಸಿರು ಸಿಗ್ನಲ್ ಕಂಡು ಬಂದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಹಳಿಗೆ ಹೊರಳಿ, ಅಲ್ಲಿ ನಿಂತಿದ್ದ ಸರಕು ಗಾಡಿಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಸಿಗ್ನಲ್ ಗುಮಟಿಯಲ್ಲಿ ಸರ್ಕೀಟ್ ಬದಲಿಸಿದಾಗ ಆದ ಲೋಪ ಮತ್ತು ಅಂದು ಗೇಟಿನ ತಡೆಗಂಬದ ಕೆಲಸದಲ್ಲಿ ಆದ ಲೋಪಗಳನ್ನು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಎತ್ತಿ ತೋರಿಸಿತು. ಬದಲಾವಣೆ ಮಾಡುವುದಷ್ಟೇ ಸಾಲದು, ಮಾಡಿದ್ದನ್ನು ಸರಿಯಾಗಿ ಬರೆದಿಟ್ಟು ಮುಂದಿನವರಿಗೆ ಒಪ್ಪಿಸುವುದೂ ಕೆಲಸದ ಭಾಗವೇ.

ಗೋಡೆಯ ತೇಪೆ ಕಣ್ಣಿಗೆ ಕಾಣುತ್ತದೆ, ತಂತಿಯ ತೇಪೆ ಕಾಣುವುದಿಲ್ಲ. ಕ್ಯಾಬಿನ್ ಕೆಡವುವ ಮುನ್ನ ಅದರ ನಕ್ಷೆ, ಲಿವರ್‌ಗಳ ಪಟ್ಟಿ, ಅಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದವರ ಮಾತು ಇಷ್ಟನ್ನಾದರೂ ದಾಖಲಿಸಬೇಕು. ಅಂತಹ ನೌಕರರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರನ್ನು ಕೇಳಿ ಬರೆದಿಡುವುದಕ್ಕೆ ದೊಡ್ಡ ಸಂಸ್ಥೆಯೇನೂ ಬೇಕಾಗಿಲ್ಲ.