ಬಿಟ್ಟ ಪೆಟ್ಟು

ನಮ್ಮ ಸೀಮೆಯಲ್ಲಿ ಹೆಸರಿನ ಕೊನೆಗೆ ಸಮುದ್ರವೆಂದಿರುವ ಊರುಗಳುಂಟು. ನಾನಿರುವ ಬಲಸಮುದ್ರವೂ ಅವುಗಳಲ್ಲೊಂದು. ಕಡಲನ್ನು ಕಾಣದ ಬಯಲುಸೀಮೆಯವರು ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟುಕೊಂಡರೆಂದು ತೋರುತ್ತದೆ. ಇಂಥ ಊರಿನಲ್ಲಿ ಕುಳಿತು, ನಾಲ್ಕು ಕಡೆಯೂ ನಿಜವಾದ ಸಮುದ್ರವೇ ಸುತ್ತಿರುವ ಜಮೈಕಾ ದ್ವೀಪದ ಸಂಗೀತವನ್ನು ಕುರಿತು ಮಾತನಾಡಹೊರಟದ್ದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು, ಸಂಗೀತಶಾಸ್ತ್ರವನ್ನು ಬಲ್ಲವನಲ್ಲ. ಆದರೆ ಹಿಂದೊಮ್ಮೆ ನಾನು ಕೊಟ್ಟ ತೀರ್ಪೊಂದು ತಪ್ಪಾಗಿತ್ತು. ಅದರ ಬೆನ್ನು ಹಿಡಿದು ಹೋಗಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

1990ರ ದಶಕದ ಕೊನೆಯ ಮಾತು. ಒಂದು ಕಾಲೇಜಿನಲ್ಲಿ ಗಾಯನಸ್ಪರ್ಧೆ ಏರ್ಪಟ್ಟಿತ್ತು. ತೀರ್ಪುಗಾರರಲ್ಲಿ ನಾನೊಬ್ಬ. ಪಾವಗಡದ ಕಡೆಯ ಹುಡುಗನೊಬ್ಬ ಗಿಟಾರ್ ಹಿಡಿದು, ಗೆಳೆಯನನ್ನು ಡ್ರಮ್ಮಿನ ಮುಂದೆ ಕೂರಿಸಿಕೊಂಡು, ಶಿಶುನಾಳ ಶರೀಫರ ಪದವೊಂದನ್ನು ಹಾಡಿದ. ಪ್ರತಿಸಲವೂ ಮೊದಲ ಎಣಿಕೆ ಬರುವ ಹೊತ್ತಿಗೆ ಸರಿಯಾಗಿ ಡ್ರಮ್ಮು ಸುಮ್ಮನಾಗುತ್ತಿತ್ತು. ದೊಡ್ಡ ಪೆಟ್ಟು ಬೀಳುತ್ತಿದ್ದುದು ಮೂರನೆಯ ಎಣಿಕೆಗೆ. ಅಂಕಪಟ್ಟಿಯಲ್ಲಿ ನಾನು ‘ತಾಳ ತಪ್ಪಿದೆ’ ಎಂದು ಬರೆದೆ. ಸ್ಪರ್ಧೆ ಮುಗಿದ ಮೇಲೆ ಹುಡುಗ ಬಂದು ನಿಂತು, “ತಪ್ಪಿಲ್ಲ ಸಾರ್, ನಾವೇ ಬಿಟ್ಟಿದ್ದು. ನಮ್ಮೂರ ಜಾತ್ರೇಲಿ ಅರೆಯೋರು ಬಿಡಲ್ವ, ಹಂಗೆ” ಎಂದ. ನಾನು ನಕ್ಕುಬಿಟ್ಟೆ. ತೀರ್ಪಿಗಿಂತಲೂ ಆ ನಗೆಯೇ ಈಗ ನನ್ನನ್ನು ಹೆಚ್ಚಾಗಿ ಬಾಧಿಸುತ್ತದೆ.

ಹುಡುಗ ಹಿಡಿದಿದ್ದ ನಡೆಗೆ ರೆಗ್ಗೆ ಎಂದು ಹೆಸರು. 1960ರ ದಶಕದ ಜಮೈಕಾದಲ್ಲಿ ಸ್ಕಾ, ರಾಕ್‌ಸ್ಟೆಡಿ ಎಂಬ ಎರಡು ಧಾಟಿಗಳ ಬೆನ್ನಿಗೆ ಹುಟ್ಟಿದ್ದು ಅದು. 1968ರಲ್ಲಿ ಹೊರಬಂದ ಒಂದು ಹಾಡಿನ ಹೆಸರಿನಲ್ಲಿ ಆ ಮಾತು ಮೊದಲು ಕಾಣಿಸಿಕೊಂಡು ನಿಂತುಬಿಟ್ಟಿತು. ಬಾಬ್ ಮಾರ್ಲಿ 1981ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದನ್ನು ಜಗತ್ತಿನ ಮೂಲೆಮೂಲೆಗೂ ಮುಟ್ಟಿಸಿದ್ದ. ನಾಲ್ಕು ಎಣಿಕೆಗಳ ಆವರ್ತದಲ್ಲಿ ಗಿಟಾರು ಎರಡಕ್ಕೂ ನಾಲ್ಕಕ್ಕೂ ಕತ್ತರಿಸಿದಂತೆ ದನಿಗೊಡುತ್ತದೆ, ಡ್ರಮ್ಮು ಮೂರಕ್ಕೆ ಬೀಳುತ್ತದೆ, ಒಂದು ಖಾಲಿ. ಎಲ್ಲರೂ ಕಾಯುವ ಸ್ಥಳವನ್ನು ಬೇಕೆಂದೇ ಬಿಟ್ಟುಕೊಡುವುದು ಆ ಲಯದ ಮರ್ಮ. ಅಮೆರಿಕದ ಕಪ್ಪು ಜನರ ಫಂಕ್ ಸಂಗೀತ ಇದಕ್ಕೆ ತದ್ವಿರುದ್ಧ. 1965ರ ಸುಮಾರಿಗೆ ಜೇಮ್ಸ್ ಬ್ರೌನ್ ಎಂಬ ಗಾಯಕ ಇಡೀ ಹಾಡಿನ ಭಾರವನ್ನು ಮೊದಲ ಎಣಿಕೆಯ ಮೇಲೆ ಹೇರಿ, ಉಳಿದ ಎಡೆಯಲ್ಲಿ ಗಿಟಾರು, ತುತ್ತೂರಿ, ಕಡೆಗೆ ಕಂಠವನ್ನೂ ಚರ್ಮವಾದ್ಯದಂತೆಯೇ ದುಡಿಸಿಕೊಂಡ.

ಇದನ್ನು ಓದಿ ತಿಳಿದಾಗ ನನಗೆ ನಾಚಿಕೆಯಾದುದು ಬೇರೆ ಕಾರಣಕ್ಕೆ. ನಮ್ಮ ತಾಳಶಾಸ್ತ್ರದಲ್ಲಿ ಸಮಗ್ರಹ, ಅತೀತಗ್ರಹ, ಅನಾಗತಗ್ರಹ ಎಂದು ಮೂರು ಬಗೆಯ ಎತ್ತುಗಡೆಗಳನ್ನು ಹೇಳಿದ್ದಾರೆ. ಹಾಡು ತಾಳದೊಂದಿಗೇ ಏಳಬಹುದು, ಮುಂಚೆಯೂ ಏಳಬಹುದು, ತಾಳ ಹೊರಟ ಮೇಲೂ ಏಳಬಹುದು. ಛಂದಸ್ಸಿನ ತರಗತಿಯಲ್ಲಿ ನಾನೇ ವರ್ಷವರ್ಷವೂ ಪದ್ಮಗಣವನ್ನು ಕುರಿತು ಪಾಠ ಹೇಳಿದ್ದೆ: ಪದ್ಯದ ಲಯ ಹಿಡಿಯುವುದಕ್ಕೆ ಮೊದಲೇ ತಾಳದ ಹೊರಗೆ ನಿಂತು ಉಚ್ಚರಿತವಾಗುವ ಅಕ್ಷರಗಳು ಅವು. ಕಪ್ಪುಹಲಗೆಯ ಮೇಲೆ ಬಲ್ಲ ಸಂಗತಿಯನ್ನು ಕಿವಿಯಿಂದ ಗುರುತಿಸಲಾರದೆ ಹೋದೆ.

ಈ ಲಯಗಳೆಲ್ಲದರ ಹಿಂದೆ ಆಫ್ರಿಕವಿದೆ ಎನ್ನುತ್ತಾರೆ. ಆ ಆಫ್ರಿಕವೂ ನಮಗೆ ತೀರ ಹೊರಗಿನದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಕಾಡಂಚಿನಲ್ಲಿರುವ ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಬಹುಮಂದಿ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರ ಸಂತತಿ. ಅವರ ದಮಾಮಿ ಈಗಲೂ ಬಾರಿಸುತ್ತಿದೆ. ಜಮೈಕಾಕ್ಕೆ ಹಡಗಿನಲ್ಲಿ ಹೋದದ್ದೂ ನಮ್ಮ ಘಟ್ಟ ಹತ್ತಿ ಬಂದದ್ದೂ ಒಂದೇ ಖಂಡದ ಸಂಕಟ.

ಬೆರಕೆ ಎಂಬ ಮಾತನ್ನು ಈ ಹೊಸ ಸಂಗೀತದ ಮೇಲೆ ದೂರಾಗಿ ಹೊರಿಸುವವರು ನಮ್ಮ ಹಿಂದಿನದನ್ನು ಮರೆತಿರುತ್ತಾರೆ. ಪಿಟೀಲು ಪರದೇಶದ್ದು. ಅದಕ್ಕೆ ಏಳು ತಂತಿ ಕಟ್ಟಿ ಚೌಡಯ್ಯನವರು ಮೈಸೂರಿನ ಹೆಸರನ್ನು ಬೆಳಗಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ವೀಣೆಯ ವಿದ್ವಾಂಸರಿದ್ದಂತೆಯೇ ಜರ್ಮನಿಯಿಂದ ಬಂದ ಆಟೋ ಷ್ಮಿಟ್ ಎಂಬ ವಾದ್ಯವೃಂದದ ಮೇಳನಾಯಕನೂ ಇದ್ದ. ಅದೇ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗ ಮುಂದೆ ಕದ್ರಿ ಗೋಪಾಲನಾಥರಾಗಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದರ ಮೇಲೆ ಕರ್ನಾಟಕ ಸಂಗೀತವನ್ನು ನುಡಿಸಿದರು. ನಮ್ಮ ಜಿಲ್ಲೆಯಲ್ಲೇ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ರಂಗಗೀತೆಗಳಲ್ಲಿ ಪಾರ್ಸಿ ಮಟ್ಟು, ಹಿಂದೂಸ್ಥಾನಿ ರಾಗ, ಕರ್ನಾಟಕ ತಾಳ ಎಲ್ಲವೂ ಕಾಲು ಹಾರ್ಮೋನಿಯಮ್ಮಿನ ಮೇಲೆ ಸಂಸಾರ ಮಾಡಿದುವು. ಆ ಹಾರ್ಮೋನಿಯಮ್ಮನ್ನು 1940ರಿಂದ 1971ರವರೆಗೆ ಆಕಾಶವಾಣಿ ತನ್ನ ಹೊಸ್ತಿಲ ಹೊರಗೆ ನಿಲ್ಲಿಸಿತ್ತು ಎಂಬುದನ್ನು ಇಲ್ಲಿಯೇ ನಿಂತು ಹೇಳುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ.

ಆದುದರಿಂದ ಬೆರಕೆ ಹೊಸದಲ್ಲ, ಹೊಸದಾದುದು ಸ್ವಾತಂತ್ರ್ಯ. ಹಿಂದೆ ಬೆರಸುವವನಿಗೆ ಬೆರಸೆಂದು ಹೇಳುವ ಧಣಿಯೊಬ್ಬನಿರುತ್ತಿದ್ದ: ಒಮ್ಮೆ ಅರಸ, ಒಮ್ಮೆ ಕಂಪನಿಯ ಯಜಮಾನ, ಆಮೇಲೆ ಚಿತ್ರ ನಿರ್ಮಾಪಕ. ನಾನು ವಿದ್ಯಾರ್ಥಿಯಾಗಿದ್ದಾಗ, 1978ರಲ್ಲಿ, ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ. ಕೆ. ವೆಂಕಟೇಶ್ ಅವರು ರಾಜಕುಮಾರರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ಅರ್ಥವಾಗದಿದ್ದರೂ ನಮ್ಮೂರ ಮದುವೆಯ ಧ್ವನಿವರ್ಧಕಗಳು ಅದನ್ನು ಕೂಗಿದವು. ಬೇಸ್ ಗಿಟಾರಿನ ಗುಡುಗನ್ನು ನಮ್ಮ ಸೀಮೆ ಮೊದಲು ಕೇಳಿದ್ದು ಇಂಥ ಚಿತ್ರಗೀತೆಗಳಲ್ಲೇ ಇದ್ದೀತು. ಅದೇ ವರ್ಷ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದು ಭಾವಗೀತೆಗೆ ಚಿತ್ರರಂಗದ ಹೊರಗೊಂದು ಮಾರುಕಟ್ಟೆಯನ್ನು ತೋರಿಸಿಕೊಟ್ಟಿತು. ಧಣಿಯಿಲ್ಲದ ಹಾಡಿಗೆ ಅದೊಂದು ಮೊದಲ ಮೆಟ್ಟಿಲು.

ಇದಕ್ಕೂ ಮುಂಚೆ, ಹೆಚ್ಚು ಜನರ ಗಮನಕ್ಕೆ ಬಾರದೆ, ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಶಾಲೆಯನ್ನು ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗು, ಬಾಯಲ್ಲಿ ಜತಿ ಹೇಳುವ ಕೊನ್ನಕೋಲು: ಪಕ್ಕವಾದ್ಯವೆಂದು ಪಕ್ಕಕ್ಕೆ ಕೂರಿಸಿದ್ದವುಗಳನ್ನು ಅವರು ನಡುವಿಗೆ ತಂದರು. ಅವರ ಪತ್ನಿ ಆರ್. ಎ. ರಮಾಮಣಿಯವರ ಕಂಠ ಆ ತಂಡದ ಜೀವ. ಗಂಡಸರ ಸೊತ್ತೆಂದು ತಿಳಿದಿದ್ದ ಜತಿಗಳನ್ನು ಆಕೆ ಉಚ್ಚರಿಸುತ್ತಿದ್ದರೆ ಸ್ವರ ಎಲ್ಲಿ ಮುಗಿಯಿತು, ತಾಳ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ದಕ್ಷಿಣ ಭಾರತದಲ್ಲಿ ನಾಗಸ್ವರವನ್ನು ಅಭ್ಯಾಸಮಾಡಿದ ಅಮೆರಿಕದ ಜಾಜ್ ವಾದಕ ಚಾರ್ಲಿ ಮರಿಯಾನೊ ಇವರೊಡನೆ ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಜರ್ಮನಿಯವೇ ಆದ ಎಂಬ್ರಿಯೊ, ಡಿಸಿಡೆಂಟನ್ ಎಂಬ ತಂಡಗಳು ಇವರ ಜೊತೆಗೂಡಿದವು. ಇಲ್ಲಿ ಯಾರೂ ಯಾರನ್ನೂ ಅಲಂಕಾರಕ್ಕೆ ಕರೆದುಕೊಂಡಿಲ್ಲ. ಪರದೇಶದವರು ನಮ್ಮ ತಾಳದ ಲೆಕ್ಕವನ್ನು ಕಲಿತು ಬಂದು ನುಡಿಸಿದರು. ಆ ಮುದ್ರಿಕೆಗಳನ್ನು ಕನ್ನಡ ಪತ್ರಿಕೆಗಳು ಗಂಭೀರವಾಗಿ ವಿಮರ್ಶಿಸಿದ್ದನ್ನು ನಾನಂತೂ ಕಾಣಲಿಲ್ಲ.

ಆಮೇಲಿನದು ಹೊಸ ತಲೆಮಾರಿನ ಕಥೆ. 1996ರಲ್ಲಿ ಆರಂಭವಾದ ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಇಂಗ್ಲಿಷಿನಲ್ಲೇ ತನ್ನ ಹಾಡುಗಳನ್ನು ಕಟ್ಟಿತು. ಸಿನಿಮಾದ ಹಂಗಿಲ್ಲದೆ ಒಂದು ತಂಡ ಬಾಳಬಹುದೆಂದು ಅದು ತೋರಿಸಿತು, ಅಷ್ಟು ಸಾಕು. ಮೈಸೂರಿನಲ್ಲಿ ಬೆಳೆದ, ಭರತನಾಟ್ಯವನ್ನೂ ಸೂಕ್ಷ್ಮಜೀವಶಾಸ್ತ್ರವನ್ನೂ ಕಲಿತ ರಘು ದೀಕ್ಷಿತ್ ಅವರ ದಾರಿ ಬೇರೆ. ಅವರ ಮೊದಲ ಸಂಕಲನ ಹೊರಬಂದದ್ದು 2008ರಲ್ಲಿ. ಅದನ್ನು ಹೊರತಂದವರು ವಿಶಾಲ್–ಶೇಖರ್ ಎಂಬ ಹಿಂದಿ ಚಿತ್ರಸಂಗೀತಗಾರರು ಎಂಬುದು ಸ್ವಾತಂತ್ರ್ಯದ ಮಾತಿಗೊಂದು ಅಡಿಟಿಪ್ಪಣಿ. ಅದರಲ್ಲಿ ಶರೀಫರ ಎರಡು ಪದಗಳಿವೆ: ಒಂದು ಗುಡುಗುಡಿಯನ್ನು ಕುರಿತದ್ದು, ಒಂದು ಸೋರುವ ಮಾಳಿಗೆಯನ್ನು ಕುರಿತದ್ದು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಈ ತಂಡ ಹಾಡಿತು. ಕಾಕತಾಳೀಯವೆಂಬಂತೆ ಅದೇ 2008ರಲ್ಲಿ, ಕರ್ನಾಟಕ ಮೂಲದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ ಮಹಾಂತಪ್ಪ, ಕದ್ರಿಯವರನ್ನು ಜೊತೆಗಿಟ್ಟುಕೊಂಡು ‘ಕಿನ್ಸ್‌ಮೆನ್’ ಎಂಬ ಮುದ್ರಿಕೆ ತಂದರು. ಆ ಹೆಸರಿನ ಅರ್ಥ ಬಂಧುಗಳು.

ಶರೀಫರನ್ನು ಹೀಗೆ ಬ್ಯಾಂಡಿನ ನಡುವೆ ನಿಲ್ಲಿಸಬಹುದೆ ಎಂದು ಕೇಳುವವರಿದ್ದಾರೆ. ಹಿಂದೆ ನಾನೂ ಕೇಳಿದ್ದೆ. 1819ರಿಂದ 1889ರವರೆಗೆ ಬಾಳಿದ ಆ ಮಹಾನುಭಾವರು ಮುಸಲ್ಮಾನರಾಗಿ ಹುಟ್ಟಿ ಕಳಸದ ಗೋವಿಂದಭಟ್ಟರ ಶಿಷ್ಯರಾದವರು. ತಮ್ಮ ಕಾಲಕ್ಕೆ ಹೊಸ ಯಂತ್ರವಾಗಿ ಬಂದ ಗಿರಣಿಯನ್ನು ಕಂಡು ಹೆದರಲಿಲ್ಲ, ಅದರ ಮೇಲೆಯೇ ತತ್ತ್ವಪದ ಕಟ್ಟಿದರು. ಗಿರಣಿಯನ್ನು ಒಳಗೆ ಬಿಟ್ಟುಕೊಂಡ ಪದಕ್ಕೆ ಗಿಟಾರು ಭಾರವಾದೀತೆ? ನನ್ನ ಕಿವಿಗೆ ಗುಡುಗುಡಿಯ ಪದ ಈ ಹೊಸ ನಡೆಗೆ ಚೆನ್ನಾಗಿ ಒಗ್ಗಿದೆ. ಸೇದುವ ಉಸಿರಿನ ಏರಿಳಿತವೇ ಅಲ್ಲಿ ಲಯವಾಗುತ್ತದೆ. ಮಾಳಿಗೆಯ ಪದಕ್ಕೆ ಮಾತ್ರ ಸಿ. ಅಶ್ವತ್ಥರ ಧಾಟಿಯನ್ನು ನನ್ನ ಮನಸ್ಸು ಬಿಟ್ಟುಕೊಡಲೊಲ್ಲದು. ಇದು ವಯಸ್ಸಿನ ಮಾತೂ ಇರಬಹುದು.

ನನ್ನ ಆಕ್ಷೇಪಣೆಗಳು ಬೇರೆ. ತತ್ತ್ವಪದದಲ್ಲಿ ಏಕತಾರಿ ಮಾತಿನ ಕೆಳಗೆ ನಡೆಯುತ್ತದೆ. ಹಲವು ಹೊಸ ತಂಡಗಳಲ್ಲಿ ಡ್ರಮ್ಮು ಮಾತಿನ ಮೇಲೆ ನಡೆಯುತ್ತದೆ. ಪಲ್ಲವಿ ಕೇಳಿಸುತ್ತದೆ, ಚರಣ ಕೇಳಿಸುವುದಿಲ್ಲ, ತತ್ತ್ವವಿರುವುದು ಚರಣದಲ್ಲಿ. ಇನ್ನೊಂದು ಮಾತು ಭಾಷೆಯದು. 2002ರಲ್ಲಿ ಆರಂಭವಾದ ಸ್ವರಾತ್ಮ ತಂಡ, ಜಾನಪದಕ್ಕೆ ರಾಕ್, ರೆಗ್ಗೆ, ಬ್ಲೂಸ್ ಬೆರಸಿ ಒಳ್ಳೆಯ ಕೆಲಸ ಮಾಡಿದೆ. 2009ರ ಅವರ ಸಂಕಲನದಲ್ಲಿ ಕಾವೇರಿಯನ್ನು ಕುರಿತ ಹಾಡೊಂದಿದೆ. ನದಿಯ ನೀರಿಗಾಗಿ ಬಡಿದಾಡುವವರನ್ನು ನದಿಯ ಕಡೆಯಿಂದ ನೋಡುವ ಯೋಚನೆ ಅದರದು. ಆದರೆ ಹಾಡಿರುವುದು ಹಿಂದಿಯಲ್ಲಿ! ಕೇಳುಗರು ದೇಶದ ತುಂಬ ಇದ್ದಾರೆ, ಬಾಳಬೇಕಾದವರು ಅವರನ್ನು ನೋಡಬೇಕು ಎಂದು ನನ್ನ ಮಗ ನನಗೆ ತಿಳಿಹೇಳಿದ. ತಿಳಿಯಿತು. ಆದರೂ ಹೊಸ ಧಣಿಯೊಬ್ಬನ ನೆರಳು ಕಂಡಂತಾಯಿತು.

ಮೂರನೆಯ ಆಕ್ಷೇಪಣೆ ನನ್ನ ಸೀಮೆಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಜಾತ್ರೆಗಳಲ್ಲಿ ಅರೆ, ಉರುಮೆ, ತಮಟೆಗಳ ಮೇಳವನ್ನು ಕೇಳಿದವರಿಗೆ ವಿವರಣೆ ಬೇಡ. ಉರುಮೆಯ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದಾಗ ಹೊರಡುವ ಹೂಂಕಾರ, ಬೇಸ್ ಗಿಟಾರು ಮಾಡುವ ಕೆಲಸವನ್ನು ತಂತಿಯಿಲ್ಲದೆ ಮಾಡುತ್ತದೆ. ಅದರ ಮೇಲೆ ಅರೆಯ ಕಡ್ಡಿಗಳು ಆಲಿಕಲ್ಲಿನಂತೆ ಉದುರುತ್ತವೆ. ಜಮೈಕಾದಿಂದ ಲಯವನ್ನು ತರಿಸಿಕೊಳ್ಳುವ ಬೆಂಗಳೂರು ನೂರಿಪ್ಪತ್ತು ಕಿಲೋಮೀಟರು ದೂರದ ಈ ಮೇಳವನ್ನು ಜೊತೆಗೆ ಕೂರಿಸಿಕೊಂಡದ್ದನ್ನು ನಾನಿನ್ನೂ ಕೇಳಿಲ್ಲ. ಬಾರಿಸುವವರ ಮಕ್ಕಳು ಬೇರೆ ಕೆಲಸ ಹಿಡಿದು ತುಮಕೂರಿಗೂ ಬೆಂಗಳೂರಿಗೂ ಹೋಗುತ್ತಿದ್ದಾರೆ. ಆ ವಾದ್ಯದೊಂದಿಗೆ ಅಂಟಿಕೊಂಡಿರುವ ಅವಮಾನವನ್ನು ಬಲ್ಲವರು ಅವರನ್ನು ತಪ್ಪೆನ್ನಲಾರರು.

ಹೋದ ವರ್ಷದ ಜಾತ್ರೆಯಲ್ಲಿ ಹುಡುಗನ ಮಾತು ನೆನಪಾಗಿ ಮೇಳದ ಪಕ್ಕದಲ್ಲೇ ನಿಂತು ಬೆರಳು ಮಡಿಸುತ್ತ ಎಣಿಸಿದೆ. ನಿಜ, ಉತ್ಸವ ಹೊರಟು ಮೇಳ ಒಂದು ನಡೆಗೆ ನಿಂತ ಮೇಲೆ ಮೊದಲ ಪೆಟ್ಟು ಇರಲಿಲ್ಲ. ಬಿಡುವು ಸಿಕ್ಕಾಗ ಅರೆ ಬಾರಿಸುತ್ತಿದ್ದ ಹಿರಿಯರನ್ನು ಕೇಳಿದೆ: “ಮೊದಲ್ನೇ ಏಟು ಯಾಕಪ್ಪ ಬಿಡ್ತೀರಿ?”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದರು: “ಬಿಡಾದೆಲ್ಲಿ ಮೇಷ್ಟ್ರೇ? ದೇವ್ರು ಹೊತ್ತೋರ ಕಾಲು ಆಗ್ಲೇ ಬೀಳ್ತೈತಲ್ಲ.” ಕಡ್ಡಿಗಳನ್ನು ಒರೆಸಿಕೊಂಡು ಮತ್ತೆ ಎದ್ದರು. ಪಲ್ಲಕ್ಕಿ ಮುಂದಿನ ಬೀದಿಗೆ ತಿರುಗುವುದರಲ್ಲಿತ್ತು.