ಮಳೆಮಾಪಕವೂ ಸೋರುವ ಧಾರಕವೂ

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳಲ್ಲಿ ಮನೆಯಂಗಳದ ಮಳೆಮಾಪಕವನ್ನು ನೀವು ನೋಡಿರಬಹುದು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಸುಮಾರು ಒಂದು ಇಂಚು ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ಗಿಡಗಳು ಬೆಳ್ಳಗೆ ಅರಳುತ್ತವೆ. ತುಂತುರಿಗೇ ನಿಂತರೆ ವರ್ಷದ ಫಸಲಿಗೆ ಸಂಚಕಾರ. ಬೆಳೆಗಾರನಿಗೆ ಬೇಕಾದದ್ದು ಮಳೆಯ ಬಿರುಸಲ್ಲ, ಒಟ್ಟು ಮೊತ್ತ. ಕ್ಷಣಕ್ಷಣದ ದರವನ್ನು ಕೂಡಿಡುವ ಆ ಪಾತ್ರೆ ಮಾಡುತ್ತಿರುವುದು ನಿಮ್ಮ ಗಣಿತದ ಮೇಷ್ಟ್ರು ಹೇಳುವ ಅನುಕಲನವನ್ನೇ.

ಇದನ್ನು ಯಂತ್ರದಿಂದ ಮಾಡಿಸುವ ಹಂಬಲ ಹಳೆಯದು. 1876ರಲ್ಲಿ ಜೇಮ್ಸ್ ಥಾಮ್ಸನ್ ತಟ್ಟೆ, ಗೋಲ, ಉರುಳೆಗಳ ಅನುಕಲಕವೊಂದನ್ನು ವಿವರಿಸಿದರು. ತಮ್ಮ ಲಾರ್ಡ್ ಕೆಲ್ವಿನ್ ಅದನ್ನು ಸಮುದ್ರದ ಉಬ್ಬರವಿಳಿತದ ವಿಶ್ಲೇಷಣೆಗೆ ಹಚ್ಚಿದರು. ಮುಂದೆ ನಿರ್ವಾತ ಕೊಳವೆಗಳು ಬಂದವು. 'ಆಪರೇಷನಲ್ ಆಂಪ್ಲಿಫೈಯರ್' ಎಂಬ ಹೆಸರು 1947ರಲ್ಲಿ ರಗಝೀನಿ ಮತ್ತು ಸಂಗಡಿಗರ ಲೇಖನದಲ್ಲಿ ಕಾಣಿಸಿಕೊಂಡಿತು.

ನಮ್ಮ ಬೆಂಗಳೂರು ಬಹಳ ಹಿಂದೆ ಉಳಿಯಲಿಲ್ಲ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಪ್ರಾಧ್ಯಾಪಕ ವಿನ್ಸೆಂಟ್ ರೈಡೌಟ್ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಅಲ್ಲಿ 'ಪ್ರೇಡಾ' ಎಂಬ ಅನಲಾಗ್ ಕಂಪ್ಯೂಟರ್ ಸಿದ್ಧವಾಯಿತು. ಅಲ್ಲಿಯೇ ವಿದ್ಯಾರ್ಥಿಯಾಗಿದ್ದ ವಿ. ರಾಜಾರಾಮನ್ ಅನಲಾಗ್ ಕಂಪ್ಯೂಟರಿಗೆ ಬೇಕಾದ ಅರೇಖೀಯ ಘಟಕಗಳನ್ನು ಸ್ವತಃ ವಿನ್ಯಾಸಗೊಳಿಸಿ ಕಟ್ಟಿದರು. ದೇಶಕ್ಕೆ ಕಂಪ್ಯೂಟರ್ ಪಾಠ ಹೇಳಿದ ಗುರು ಕೈ ಪಳಗಿಸಿಕೊಂಡದ್ದು ಇಂಥ ಮಂಡಲಗಳಲ್ಲಿ ಎಂಬುದು ಎಷ್ಟು ಜನಕ್ಕೆ ಗೊತ್ತು!

1968ರಲ್ಲಿ ಬಂದ 741 ಚಿಪ್ಪಿನಿಂದ ಇದನ್ನು ನೀವೂ ಕಟ್ಟಬಹುದು. ಆಗಮದಲ್ಲಿ ಒಂದು ಮೆಗಓಮ್ ರೋಧಕ; ನಿರ್ಗಮದಿಂದ ಋಣ ತುದಿಗೆ ಒಂದು ಮೈಕ್ರೋಫ್ಯಾರಡ್ ಧಾರಕ; ಧನ ತುದಿ ಭೂಮಿಗೆ. ಎರಡನ್ನೂ ಗುಣಿಸಿದರೆ ಒಂದು ಸೆಕೆಂಡು. ಒಂದು ವೋಲ್ಟ್ ಕೊಟ್ಟರೆ ನಿರ್ಗಮ ಸೆಕೆಂಡಿಗೆ ಒಂದು ವೋಲ್ಟಿನಂತೆ ಕೆಳಗಿಳಿಯುತ್ತದೆ.

ಈಗ ಆಗಮವನ್ನೂ ಭೂಮಿಗೆ ಸೇರಿಸಿ ನೋಡಿ. ನಿರ್ಗಮ ಸುಮ್ಮನಿರದು! 741ರ ತುದಿಗಳು ಸಾಮಾನ್ಯವಾಗಿ 80 ನ್ಯಾನೋಆಂಪಿಯರ್‌ನಷ್ಟು ವಿದ್ಯುತ್ತನ್ನು ಎಳೆಯುತ್ತವೆ. ಅದು ಧಾರಕದ ಮೂಲಕವೇ ಹರಿಯಬೇಕು: ಸೆಕೆಂಡಿಗೆ 80 ಮಿಲಿವೋಲ್ಟ್. 15 ವೋಲ್ಟಿನ ಪೂರೈಕೆಯಲ್ಲಿ ಮೂರು ನಿಮಿಷದೊಳಗೆ ನಿರ್ಗಮ ತನ್ನ ಮಿತಿ ಮುಟ್ಟಿ ನಿಂತುಬಿಡುತ್ತದೆ. ಬಾರದ ಮಳೆಗೆ ಪಾತ್ರೆ ತುಂಬಿದಂತೆ. ಧನ ತುದಿಗೂ ಒಂದು ಮೆಗಓಮ್ ಇಟ್ಟು ಈ ದೋಷವನ್ನು ಬಹಳಷ್ಟು ತಗ್ಗಿಸಬಹುದು, ಅಳಿಸಲಾಗದು. ಧಾರಕಕ್ಕೆ ಅಡ್ಡಲಾಗಿ ಹತ್ತು ಮೆಗಓಮ್ ಇಟ್ಟರೆ ನಿರ್ಗಮ ಮಿತಿಗೆ ಓಡದು. ಆದರೆ ಅದು ಪಾತ್ರೆಯ ತಳದ ತೂತು, ಹತ್ತು ಸೆಕೆಂಡಿನ ಹಿಂದಿನ ಲೆಕ್ಕವೆಲ್ಲ ಸೋರಿಹೋಗುತ್ತದೆ. ಅನಲಾಗ್ ಕಂಪ್ಯೂಟರಿನಲ್ಲಿ ಪ್ರತಿ ಲೆಕ್ಕಕ್ಕೂ ಮುನ್ನ ಧಾರಕವನ್ನು ಆರಂಭದ ಬೆಲೆಗೆ ತಂದು ನಿಲ್ಲಿಸುತ್ತಿದ್ದರು.

ವಾರಗಟ್ಟಲೆ ಸುರಿಯುವ ಕಳಸದ ಮುಂಗಾರಿಗೆ ಈ ಮಂಡಲ ಆಗದು. ಅದಕ್ಕೇ ಅನೇಕ ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಪುಟ್ಟ ಬಟ್ಟಲೊಂದು ತುಂಬಿದಾಗಲೆಲ್ಲ ವಾಲಿ ನೀರು ಚೆಲ್ಲುತ್ತದೆ, ಎಣಿಕೆಯಷ್ಟೇ ಉಳಿಯುತ್ತದೆ.